ನಿಮಗಿದು ಗೊತ್ತೇ? ಕಂಪನಿ ಕೈಬದಲಾಗುವಾಗ ಕಾನೂನು ಯಾರ ಕಡೆ ನೋಡುತ್ತದೆ

★ ಭದ್ರಾವತಿಯ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನ ಒಂದೇ ಒಂದು ಷೇರನ್ನೂ ಇವತ್ತು ಯಾರೂ ಕೊಳ್ಳುವಂತಿಲ್ಲ. ಅಂಥ ಷೇರೇ ಇಲ್ಲ. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ, ಅಂದರೆ ಸೈಲ್‌ನಲ್ಲಿ ವಿಲೀನವಾಯಿತು. ಅಲ್ಲಿಗೆ ಕಂಪನಿಯೆಂಬ ಅದರ ಆಯುಷ್ಯ ಮುಗಿದು, ದೊಡ್ಡ ಕಂಪನಿಯೊಂದರ ಘಟಕವಾಗಿ ಉಳಿಯಿತು. ನ್ಯೂಟೌನಿನಲ್ಲಿ ಇಬ್ಬರು ಸೇರಿದ ಕಡೆ 'ಕಾರ್ಖಾನೆ ಯಾರ ಪಾಲಾಗ್ತದಂತೆ?' ಎಂಬ ಪ್ರಶ್ನೆ ಈಗಲೂ ಏಳುತ್ತದೆ. ಕಾನೂನಿನ ಲೆಕ್ಕದಲ್ಲಿ ಅದು ಕಂಪನಿ ಸ್ವಾಧೀನದ ಪ್ರಶ್ನೆಯಲ್ಲ, ಆಸ್ತಿ ಮಾರಾಟದ ಪ್ರಶ್ನೆ. ಎರಡಕ್ಕೂ ಬೇರೆ ಬೇರೆ ನಿಯಮ, ಬೇರೆ ಬೇರೆ ಬಾಗಿಲು.

★ ಒಂದೇ ಕುಲುಮೆ ಎಷ್ಟು ಸಲ ಯಜಮಾನರನ್ನು ಬದಲಿಸಿತು ನೋಡಿ. 1923ರ ಜನವರಿ 18ರಂದು ಮೈಸೂರು ಕಬ್ಬಿಣದ ಕಾರ್ಖಾನೆ ಎಂಬ ಹೆಸರಿನಲ್ಲಿ ಶುರುವಾದಾಗ ಅದು ಮೈಸೂರು ಸಂಸ್ಥಾನದ ಸ್ವತ್ತು. ಕಾಡಿನ ಕಟ್ಟಿಗೆಯ ಇದ್ದಿಲಿನಲ್ಲಿ ಅದಿರು ಕರಗಿಸುತ್ತಿದ್ದ ಕಾಲ ಅದು. ನಷ್ಟದ ಆ ಮೊದಲ ವರ್ಷಗಳಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. 1962ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು: ರಾಜ್ಯದ ಪಾಲು ಶೇ 60, ಕೇಂದ್ರದ್ದು ಶೇ 40. 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರು ಬಂತು. 1989ರಲ್ಲಿ ಸೈಲ್‌ನ ಅಧೀನ ಕಂಪನಿ, 1998ರಲ್ಲಿ ಪೂರ್ಣ ವಿಲೀನ. ಎಪ್ಪತ್ತೈದು ವರ್ಷಗಳಲ್ಲಿ ಮೈಸೂರಿನಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದಿಲ್ಲಿಗೆ ಯಜಮಾನಿಕೆ ಹೋಯಿತು. ಇಷ್ಟಾದರೂ ಷೇರುಪೇಟೆಯ ಸ್ವಾಧೀನ ನಿಯಮಗಳು ಈ ಕಾರ್ಖಾನೆಯ ಗೇಟು ದಾಟಿ ಬರಲಿಲ್ಲ.

★ ಘಟಕವನ್ನು ಮಾರುವ ವಿಧಾನಕ್ಕೆ ವ್ಯವಹಾರದ ಭಾಷೆಯಲ್ಲಿ ಸ್ಲಂಪ್ ಸೇಲ್ ಎನ್ನುತ್ತಾರೆ. ಯಂತ್ರಕ್ಕಿಷ್ಟು, ಶೆಡ್ಡಿಗಿಷ್ಟು ಎಂದು ಬಿಡಿಬಿಡಿಯಾಗಿ ಬೆಲೆ ಕಟ್ಟದೆ, ನಡೆಯುತ್ತಿರುವ ಉದ್ಯಮವನ್ನು ಅದರ ಸಾಲಸೋಲದ ಸಮೇತ ಇಡಿಗಂಟು ಬೆಲೆಗೆ ಕೊಡುವುದು. ಮನೆಯನ್ನು ಪಾತ್ರೆ, ಪಡಗ, ಬಾಕಿ ಕರೆಂಟ್ ಬಿಲ್ ಸಹಿತ ಮಾರಿದ ಹಾಗೆ.

★ ಕಂಪನಿಯೊಂದು ತನ್ನ 'ಉದ್ಯಮ'ವನ್ನು ಮಾರಬೇಕಾದರೆ ಷೇರುದಾರರ ವಿಶೇಷ ನಿರ್ಣಯ ಬೇಕು ಎನ್ನುತ್ತದೆ 2013ರ ಕಂಪನಿ ಕಾಯ್ದೆಯ 180ನೇ ಕಲಂ. ವಿಶೇಷ ನಿರ್ಣಯವೆಂದರೆ, ವಿರೋಧದ ಒಂದು ಮತಕ್ಕೆ ಪರವಾಗಿ ಕನಿಷ್ಠ ಮೂರು ಮತ. ಆದರೆ 'ಉದ್ಯಮ' ಎನ್ನಿಸಿಕೊಳ್ಳಲು ಒಂದು ಅಳತೆಯಿದೆ. ಕಂಪನಿ ತನ್ನ ನಿವ್ವಳ ಮೌಲ್ಯದ ಶೇ 20ಕ್ಕಿಂತ ಹೆಚ್ಚನ್ನು ಅಲ್ಲಿ ಹೂಡಿರಬೇಕು, ಇಲ್ಲವೇ ಹಿಂದಿನ ವರ್ಷದ ಒಟ್ಟು ಆದಾಯದ ಶೇ 20ರಷ್ಟು ಅಲ್ಲಿಂದ ಬಂದಿರಬೇಕು. ಸೈಲ್‌ನಂಥ ದೈತ್ಯದ ಪುಸ್ತಕದಲ್ಲಿ ಭದ್ರಾವತಿ ಆ ಗೆರೆಯ ಹತ್ತಿರವೂ ಬರುವುದಿಲ್ಲ. ಒಂದು ಊರಿಗೆ ಊರೇ ನಂಬಿಕೊಂಡ ಕಾರ್ಖಾನೆ ಲೆಕ್ಕಪತ್ರದಲ್ಲಿ ಸಣ್ಣ ಅಂಕಿ.

★ ವಿಐಎಸ್‌ಎಲ್ ಮಾರಾಟಕ್ಕೆ ಕೇಂದ್ರ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟದ್ದು 2016ರ ಅಕ್ಟೋಬರಿನಲ್ಲಿ. ಜತೆಗಿದ್ದವು ಸೇಲಂ ಉಕ್ಕು ಘಟಕ ಮತ್ತು ದುರ್ಗಾಪುರದ ಮಿಶ್ರಲೋಹ ಉಕ್ಕು ಘಟಕ. 2019ರ ಜುಲೈನಲ್ಲಿ ಆಸಕ್ತರಿಂದ ಅರ್ಜಿ ಕರೆದರು. ಅರ್ಜಿ ಹಾಕಿದವರು ಮುಂದಿನ ಹೆಜ್ಜೆ ಇಡಲಿಲ್ಲ. 2022ರ ಅಕ್ಟೋಬರಿನಲ್ಲಿ ಇಡೀ ಪ್ರಕ್ರಿಯೆಯೇ ರದ್ದು. 2023ರ ಜನವರಿಯಲ್ಲಿ, ಅಂದರೆ ನೂರು ತುಂಬಿದ ತಿಂಗಳಲ್ಲೇ, ಸೈಲ್ ಆಡಳಿತ ಮಂಡಳಿ ಘಟಕ ಮುಚ್ಚುವ ನಿರ್ಧಾರ ಮಾಡಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಆ ವರ್ಷವೇ ಕೆಲವು ವಿಭಾಗಗಳು ಮತ್ತೆ ಚಾಲೂ ಆದವು. 2024ರ ಜೂನ್‌ನಲ್ಲಿ ಉಕ್ಕು ಖಾತೆ ಎಚ್.ಡಿ. ಕುಮಾರಸ್ವಾಮಿಯವರಿಗೆ ಬಂತು, ಅದೇ ತಿಂಗಳ ಕೊನೆಗೆ ಅವರು ಕಾರ್ಖಾನೆಗೂ ಬಂದು ಹೋದರು.

★ ಅದೇ ಕಾಲದಲ್ಲಿ ಒಡಿಶಾದ ನೀಲಾಚಲ ಇಸ್ಪಾತ್ ನಿಗಮವನ್ನು ಟಾಟಾ ಬಳಗ 12,100 ಕೋಟಿ ರೂಪಾಯಿಗೆ ಕೊಂಡಿತು. ಅದೂ ಸರ್ಕಾರಿ ಉಕ್ಕಿನ ಕಾರ್ಖಾನೆಯೇ, ಅದೂ ನಿಂತುಹೋಗಿದ್ದದ್ದೇ. ವ್ಯತ್ಯಾಸಗಳಲ್ಲಿ ದೊಡ್ಡದು, ಅದಕ್ಕೆ ಸ್ವಂತ ಕಬ್ಬಿಣದ ಅದಿರಿನ ಗಣಿ ಇತ್ತು. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಭದ್ರಾವತಿಗೆ ಆ ಭಾಗ್ಯ ಉಳಿಯಲಿಲ್ಲ. ಕೊಳ್ಳುವವರು ಕುಲುಮೆಗಿಂತ ಮೊದಲು ಗಣಿಯ ಪತ್ರ ಕೇಳುತ್ತಾರೆ.

★ ಸರ್ಕಾರ ತನ್ನ ಕಂಪನಿಯನ್ನು ಖಾಸಗಿಯವರಿಗೆ ಮಾರುವ ಮೊದಲು ಕಾರ್ಮಿಕರನ್ನು ಕೇಳಬೇಕೇ? ಬೇಕಿಲ್ಲ ಎಂದಿತು ಸುಪ್ರೀಂ ಕೋರ್ಟ್, 2001ರ ಡಿಸೆಂಬರಿನಲ್ಲಿ, ಬಾಲ್ಕೋ ಅಲ್ಯೂಮಿನಿಯಂ ಕಂಪನಿಯ ಪ್ರಕರಣದಲ್ಲಿ. ಶೇ 51ರಷ್ಟು ಪಾಲನ್ನು ಸ್ಟರ್ಲೈಟ್‌ಗೆ ಕೊಟ್ಟದ್ದನ್ನು ಕಾರ್ಮಿಕ ಸಂಘ ಪ್ರಶ್ನಿಸಿತ್ತು. ಬಂಡವಾಳ ಹಿಂತೆಗೆತ ಸರ್ಕಾರದ ಆರ್ಥಿಕ ನೀತಿ. ಕಾನೂನು ಮುರಿಯದ ತನಕ ಕೋರ್ಟು ತಲೆಹಾಕುವುದಿಲ್ಲ. ಮೊದಲೇ ಅಹವಾಲು ಹೇಳಿಕೊಳ್ಳುವ ಹಕ್ಕು ಕಾರ್ಮಿಕರಿಗಿಲ್ಲ ಎಂಬುದು ತೀರ್ಪಿನ ತಿರುಳು. ಭದ್ರಾವತಿಯ ಹೋರಾಟಗಾರರು ಕೋರ್ಟಿಗಿಂತ ಹೆಚ್ಚಾಗಿ ಮಂತ್ರಿಗಳ ಮನೆಯ ದಾರಿ ಹಿಡಿದದ್ದರ ಹಿಂದೆ ಈ ತೀರ್ಪಿನ ನೆರಳಿದೆ ಎಂಬುದು ನನ್ನ ಅಂದಾಜು.

★ ಹಾಗೆಂದು ಕಾರ್ಮಿಕರ ಕೈ ಪೂರಾ ಬರಿದಲ್ಲ. ಕಾರ್ಖಾನೆ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಸೇವೆ ತುಂಡಾಗದೆ ಮುಂದುವರಿಯಬೇಕು, ಸಂಬಳ ಸವಲತ್ತು ಮೊದಲಿಗಿಂತ ಕಡಿಮೆಯಾಗಬಾರದು, ಮುಂದೆ ಕೆಲಸ ಹೋದರೆ ಹಳೆಯ ಸೇವೆಯನ್ನೂ ಸೇರಿಸಿ ಪರಿಹಾರ ಕೊಡುವ ಹೊಣೆಯನ್ನು ಹೊಸ ಯಜಮಾನ ಹೊರಬೇಕು. ಇಲ್ಲದಿದ್ದರೆ ಹಸ್ತಾಂತರದ ಹೊತ್ತಿನಲ್ಲೇ ಪರಿಹಾರ ತೆರಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ಕಲಂ ಹೇಳುತ್ತಿದ್ದದ್ದು ಇದನ್ನೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ತಿರುಳು ಇದೇ. ಆದರೆ ಮುಚ್ಚುವ ಮೊದಲು ಸರ್ಕಾರದ ಅನುಮತಿ ಬೇಕಾದ ಕಾರ್ಖಾನೆಗಳ ಮಿತಿಯನ್ನು 100 ಕಾರ್ಮಿಕರಿಂದ 300ಕ್ಕೆ ಏರಿಸಿದ್ದೂ ಅದೇ ಸಂಹಿತೆ. ಇನ್ನೊಂದು ಮಾತು: ಈ ರಕ್ಷಣೆ ಕಾಯಂ ಕೆಲಸಗಾರರಿಗೆ ಸಿಕ್ಕಷ್ಟು ಸಲೀಸಾಗಿ ಗುತ್ತಿಗೆದಾರನ ಕೈಕೆಳಗೆ ದುಡಿಯುವವರಿಗೆ ಸಿಗುವುದಿಲ್ಲ. ಕಾಗದದ ಮೇಲೆ ಅವರ ಯಜಮಾನ ಕಾರ್ಖಾನೆಯಲ್ಲ, ಗುತ್ತಿಗೆದಾರ.

★ ಇನ್ನು ಷೇರುಪೇಟೆಗೆ ಬನ್ನಿ. ಪಟ್ಟಿಯಾದ ಕಂಪನಿಯೊಂದರ ಶೇ 5ರಷ್ಟು ಷೇರು ಕೈಸೇರಿದರೆ ಎರಡು ಕೆಲಸದ ದಿನಗಳೊಳಗೆ ಕಂಪನಿಗೂ ಷೇರು ವಿನಿಮಯ ಕೇಂದ್ರಕ್ಕೂ ತಿಳಿಸಬೇಕು. ಶೇ 25 ಮುಟ್ಟಿದರೆ, ಉಳಿದ ಷೇರುದಾರರಿಂದ ಇನ್ನೂ ಶೇ 26ರಷ್ಟನ್ನು ಕೊಳ್ಳಲು ಸಿದ್ಧನಿದ್ದೇನೆಂದು ಸಾರ್ವಜನಿಕವಾಗಿ ಸಾರಲೇಬೇಕು. ಅದೇ ಓಪನ್ ಆಫರ್. ಶೇ 25 ದಾಟಿದವರು ಒಂದು ಹಣಕಾಸು ವರ್ಷದಲ್ಲಿ ಶೇ 5ಕ್ಕಿಂತ ಹೆಚ್ಚು ಸೇರಿಸಿಕೊಂಡರೂ ಇದೇ ಶಿಕ್ಷೆ, ಅಲ್ಲ, ಇದೇ ನಿಯಮ.

★ ಹೆಂಡತಿ, ಭಾವಮೈದುನ, ಮೂರು ಬೇನಾಮಿ ಕಂಪನಿಗಳ ಹೆಸರಿನಲ್ಲಿ ಶೇ 8ರಂತೆ ಹಂಚಿ ಕೊಂಡರೆ ಬಚಾವೇ? ಇಲ್ಲ. ಒಂದೇ ಉದ್ದೇಶದಿಂದ ಒಗ್ಗೂಡಿ ಕೊಳ್ಳುವವರ ಷೇರುಗಳನ್ನೆಲ್ಲ ಷೇರುಪೇಟೆಯ ನಿಯಂತ್ರಕ ಸೆಬಿ ಒಟ್ಟು ಕೂಡಿಸಿ ಎಣಿಸುತ್ತದೆ. ಹತ್ತಿರದ ಬಂಧುಗಳು ಒಗ್ಗೂಡಿದವರೇ ಎಂದು ಮೊದಲೇ ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವರದು. ಒಂದೂ ಷೇರು ಕೊಳ್ಳದೆ, ಬಹುಪಾಲು ನಿರ್ದೇಶಕರನ್ನು ನೇಮಿಸುವ ಹಕ್ಕನ್ನಷ್ಟೇ ಒಪ್ಪಂದದ ಮೂಲಕ ಗಳಿಸಿದರೂ ಓಪನ್ ಆಫರ್ ತಪ್ಪಿದ್ದಲ್ಲ.

★ ಈ ನಿಯಮಗಳ ಹಿಂದೆ 1983ರ ಒಂದು ದೊಡ್ಡ ಜಗಳವಿದೆ. ಲಂಡನ್ನಿನ ಉದ್ಯಮಿ ಸ್ವರಾಜ್ ಪಾಲ್ ಎಸ್ಕಾರ್ಟ್ಸ್ ಮತ್ತು ಡಿಸಿಎಂ ಕಂಪನಿಗಳ ಷೇರುಗಳನ್ನು ಪೇಟೆಯಲ್ಲಿ ಸದ್ದಿಲ್ಲದೆ ಕೊಳ್ಳತೊಡಗಿದರು. ಕಂಪನಿ ನಡೆಸುತ್ತಿದ್ದ ಮನೆತನಗಳ ಕೈಯಲ್ಲಿದ್ದ ಷೇರು ತೀರಾ ಸಣ್ಣದು. ಗಾಬರಿಯಾಗಿ ಷೇರು ವರ್ಗಾವಣೆ ನೋಂದಾಯಿಸಲು ಒಪ್ಪಲಿಲ್ಲ. ಎಸ್ಕಾರ್ಟ್ಸ್ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ನಿರ್ದೇಶಕರನ್ನು ಕಿತ್ತುಹಾಕಲು ಸಭೆ ಕರೆಯುವ ಷೇರುದಾರ ಅದಕ್ಕೆ ಕಾರಣ ಹೇಳಬೇಕಿಲ್ಲ ಎಂದು 1985ರ ಡಿಸೆಂಬರಿನಲ್ಲಿ ಕೋರ್ಟು ಸಾರಿತು. ಕಂಪನಿ ಮನೆತನದ ಆಸ್ತಿಯಲ್ಲ, ಷೇರುದಾರರದು ಎಂಬ ಮಾತಿಗೆ ನಮ್ಮ ದೇಶದಲ್ಲಿ ಗಟ್ಟಿ ನೆಲ ಸಿಕ್ಕಿದ್ದು ಅಲ್ಲಿ. ಸೆಬಿಯ ಮೊದಲ ಸ್ವಾಧೀನ ನಿಯಮಗಳು ಬಂದದ್ದು 1994ರಲ್ಲಿ. ನ್ಯಾಯಮೂರ್ತಿ ಪಿ.ಎನ್. ಭಗವತಿ ಸಮಿತಿಯ ವರದಿಯ ಮೇಲೆ 1997ರಲ್ಲಿ ಎರಡನೆಯವು, ಸಿ. ಅಚ್ಯುತನ್ ಸಮಿತಿಯ ವರದಿಯ ಮೇಲೆ 2011ರಲ್ಲಿ ಈಗಿನವು. ಕೊಳ್ಳುವವನು ಎಲ್ಲ ಷೇರುಗಳಿಗೂ, ಅಂದರೆ ನೂರಕ್ಕೆ ನೂರಕ್ಕೂ ಆಫರ್ ಕೊಡಬೇಕೆಂದು ಅಚ್ಯುತನ್ ಸಮಿತಿ ಹೇಳಿತ್ತು. ಸೆಬಿ ಶೇ 26ಕ್ಕೆ ನಿಲ್ಲಿಸಿತು. ಸಣ್ಣ ಷೇರುದಾರನ ದೃಷ್ಟಿಯಿಂದ ಸಮಿತಿ ಹೇಳಿದ್ದೇ ಸರಿಯಿತ್ತು.

★ ಓಪನ್ ಆಫರಿನ ವಿವರವಾದ ಪ್ರಕಟಣೆಯನ್ನು ಒಂದು ಇಂಗ್ಲಿಷ್ ಮತ್ತು ಒಂದು ಹಿಂದಿ ಪತ್ರಿಕೆಯ ಜತೆಗೆ, ಕಂಪನಿಯ ನೋಂದಾಯಿತ ಕಚೇರಿ ಇರುವ ಊರಿನ ಭಾಷೆಯ ಪತ್ರಿಕೆಯಲ್ಲೂ ಹಾಕುವುದು ಕಡ್ಡಾಯ. ಕರ್ನಾಟಕದ ಕಂಪನಿಯನ್ನು ಕೊಳ್ಳಲು ಬಂದವರು, ನ್ಯೂಯಾರ್ಕಿನವರೇ ಆಗಲಿ, ಕನ್ನಡದಲ್ಲಿ ಜಾಹೀರಾತು ಕೊಡಲೇಬೇಕು. ಪುಟ್ಟ ಅಕ್ಷರದ ಆ ಪುಟ ಕಂಡೊಡನೆ ಮಗುಚಬೇಡಿ. ಬೆಲೆ, ಕೊನೆಯ ದಿನಾಂಕ, ಕೊಳ್ಳುವವನ ಉದ್ದೇಶ ಎಲ್ಲ ಅದರಲ್ಲೇ ಇರುತ್ತವೆ.

★ ಭಾರತದ ಐಟಿ ರಂಗದ ಮೊದಲ ಬಲವಂತದ ಸ್ವಾಧೀನ ನಡೆದದ್ದು ಬೆಂಗಳೂರಿನಲ್ಲಿ. ಅದರ ಬೀಗದ ಕೈ ಇದ್ದದ್ದು ನಮ್ಮ ಪಕ್ಕದ ಚಿಕ್ಕಮಗಳೂರಿನ ಕಾಫಿ ಉದ್ಯಮಿಯ ಬಳಿ. 1999ರಲ್ಲಿ ಹುಟ್ಟಿದ ಮೈಂಡ್‌ಟ್ರೀ ಕಂಪನಿಯ ಶೇ 20.32ರಷ್ಟು ಷೇರು ವಿ.ಜಿ. ಸಿದ್ಧಾರ್ಥ ಮತ್ತು ಅವರ ಕಾಫಿ ಡೇ ಬಳಗದ ಕೈಯಲ್ಲಿತ್ತು. ಕಂಪನಿ ಕಟ್ಟಿದವರೆಲ್ಲ ಸೇರಿದರೂ ಅವರ ಪಾಲು ಸುಮಾರು ಶೇ 13. 2019ರ ಮಾರ್ಚ್ 18ರಂದು ಎಲ್ ಅಂಡ್ ಟಿ ಕಂಪನಿ ಸಿದ್ಧಾರ್ಥರ ಪಾಲನ್ನು ಷೇರಿಗೆ 980 ರೂಪಾಯಿಯಂತೆ ಸುಮಾರು 3,269 ಕೋಟಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಪೇಟೆಯಿಂದ ಶೇ 15ರವರೆಗೆ ಕೊಳ್ಳಲು ದಲ್ಲಾಳಿಗೆ ಆದೇಶವನ್ನೂ ಕೊಟ್ಟಿತು. ಎರಡೂ ಸೇರಿದರೆ ಶೇ 25 ದಾಟಿತಲ್ಲ, ಹಾಗಾಗಿ ಶೇ 31ರಷ್ಟಕ್ಕೆ ಅದೇ 980 ರೂಪಾಯಿಯ ಓಪನ್ ಆಫರ್. ನಿಯಮ ಕೇಳುವ ಶೇ 26ಕ್ಕಿಂತ ಐದು ಹೆಚ್ಚು. ಸ್ಥಾಪಕರು ಬಹಿರಂಗವಾಗಿಯೇ ಪ್ರತಿಭಟಿಸಿದರು. ಒಡಿಶಾ ಸರ್ಕಾರದ ಕೌಶಲ ಪ್ರಾಧಿಕಾರದಲ್ಲಿದ್ದ ಸ್ಥಾಪಕರಲ್ಲೊಬ್ಬರಾದ ಸುಬ್ರತೊ ಬಾಗ್ಚಿ ಕೆಲಸ ಬಿಟ್ಟು ಬೆಂಗಳೂರಿಗೆ ಓಡಿಬಂದರು. ಜೂನ್ 17ಕ್ಕೆ ತೆರೆದ ಆಫರ್ 28ಕ್ಕೆ ಮುಚ್ಚುವ ಹೊತ್ತಿಗೆ ಆಟ ಮುಗಿದಿತ್ತು. ಎಲ್ ಅಂಡ್ ಟಿ ಕೈಗೆ ಶೇ 60ಕ್ಕಿಂತ ತುಸು ಹೆಚ್ಚು. ಕೆಲವೇ ದಿನಗಳಲ್ಲಿ ಸ್ಥಾಪಕರು ಹುದ್ದೆ ಬಿಟ್ಟರು. ಜುಲೈ ಕೊನೆಯಲ್ಲಿ ಸಿದ್ಧಾರ್ಥ ತೀರಿಕೊಂಡರು. 2022ರ ನವೆಂಬರಿನಲ್ಲಿ ಮೈಂಡ್‌ಟ್ರೀ, ಎಲ್ ಅಂಡ್ ಟಿಯದೇ ಇನ್ನೊಂದು ಐಟಿ ಕಂಪನಿಯಾದ ಎಲ್‌ಟಿಐ ಜತೆ ವಿಲೀನವಾಯಿತು. 100 ಮೈಂಡ್‌ಟ್ರೀ ಷೇರಿಗೆ 73 ಎಲ್‌ಟಿಐ ಷೇರು.

★ ಮೈಂಡ್‌ಟ್ರೀ ಆಡಳಿತ ಮಂಡಳಿ ಷೇರು ಮರುಖರೀದಿಯ ಅಸ್ತ್ರ ಹೂಡಲು ಯೋಚಿಸಿ, ಒಂದು ವಾರದೊಳಗೆ ಕೈಬಿಟ್ಟಿತು. ಓಪನ್ ಆಫರ್ ಸಾರಿದ ಮೇಲೆ ಕಂಪನಿ ಷೇರುದಾರರ ವಿಶೇಷ ನಿರ್ಣಯವಿಲ್ಲದೆ ಮರುಖರೀದಿ ಮಾಡುವಂತಿಲ್ಲ, ದೊಡ್ಡ ಆಸ್ತಿ ಮಾರುವಂತಿಲ್ಲ, ವಾಡಿಕೆ ಮೀರಿದ ದೊಡ್ಡ ಸಾಲ ಎತ್ತುವಂತಿಲ್ಲ. ಕೊಳ್ಳಲು ಬಂದವನಿಗೆ ಮನಸ್ಸು ಮುರಿಯಲೆಂದು ಮನೆಯನ್ನೇ ಹಾಳುಗೆಡಹುವ ಅಮೆರಿಕದ ಪಟ್ಟುಗಳು ಇಲ್ಲಿ ನಡೆಯುವುದಿಲ್ಲ.

★ ಆಫರಿನ ಬೆಲೆ ಕೊಳ್ಳುವವನ ಔದಾರ್ಯಕ್ಕೆ ಬಿಟ್ಟದ್ದಲ್ಲ. ದೊಡ್ಡ ಷೇರುದಾರನಿಗೆ ಒಪ್ಪಂದದಲ್ಲಿ ಕೊಟ್ಟ ಬೆಲೆ, ಹಿಂದಿನ 52 ವಾರಗಳಲ್ಲಿ ತಾನು ಕೊಂಡ ಸರಾಸರಿ, 26 ವಾರಗಳಲ್ಲಿ ತೆತ್ತ ಅತಿ ಹೆಚ್ಚಿನ ಬೆಲೆ, ಪೇಟೆಯ 60 ವಹಿವಾಟು ದಿನಗಳ ಸರಾಸರಿ: ಇವುಗಳಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ದೊಡ್ಡವನಿಗೆ ಸಿಕ್ಕ ಬೆಲೆ ಶಿವಮೊಗ್ಗ ದುರ್ಗಿಗುಡಿಯ ನಿವೃತ್ತ ಮೇಷ್ಟ್ರಿಗೂ ಸಿಗಬೇಕು. ಇಡೀ ನಿಯಮಾವಳಿಯ ಜೀವ ಇರುವುದು ಇಲ್ಲಿ.

★ ಜೀವ ಇಲ್ಲೇ ಇರುವುದರಿಂದಲೇ ಅದರ ಕೊರತೆಯೂ ಇಲ್ಲೇ ಕಾಣುತ್ತದೆ. ಬ್ರಿಟನ್ನಿನ ಸ್ವಾಧೀನ ಸಂಹಿತೆಯಲ್ಲಿ ನೌಕರರ ಪ್ರತಿನಿಧಿಗಳು ತಮ್ಮ ಅಭಿಪ್ರಾಯ ಬರೆದುಕೊಟ್ಟರೆ ಕಂಪನಿ ಅದನ್ನು ತನ್ನ ಉತ್ತರದ ಜತೆ ಲಗತ್ತಿಸಿ ಷೇರುದಾರರಿಗೆ ಕಳಿಸಬೇಕು. ನಮ್ಮ ನಿಯಮಗಳಲ್ಲಿ ಸ್ವತಂತ್ರ ನಿರ್ದೇಶಕರ ಸಮಿತಿಯ ಅಭಿಪ್ರಾಯಕ್ಕೆ ಜಾಗವಿದೆ, ನೌಕರರ ಮಾತಿಗೆ ಅಂಥ ಜಾಗವಿಲ್ಲ. ಸೆಬಿ ಹೂಡಿಕೆದಾರರ ಕಾವಲುಗಾರ, ಊರಿನ ಕಾವಲುಗಾರನಲ್ಲ.

★ ಆಫರ್ ಕೊಟ್ಟರೂ ಯಾರೂ ಬಾರದೇ ಇರಬಹುದು. 2012ರ ನವೆಂಬರಿನಲ್ಲಿ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಕಂಪನಿಯನ್ನು ವಿಜಯ್ ಮಲ್ಯ ಅವರಿಂದ ಕೊಳ್ಳಹೊರಟ ಡಿಯಾಜಿಯೊ ಷೇರಿಗೆ 1,440 ರೂಪಾಯಿಯ ಓಪನ್ ಆಫರ್ ಕೊಟ್ಟಿತು. ಪೇಟೆಯ ಬೆಲೆ ಅದನ್ನು ದಾಟಿ ಓಡಿತು. ಶೇ 26ಕ್ಕೆ ಕೈಚಾಚಿದವರಿಗೆ ಸಿಕ್ಕಿದ್ದು ಶೇ 0.04. 2014ರಲ್ಲಿ ಮತ್ತೆ ಬಂದು ಷೇರಿಗೆ 3,030 ರೂಪಾಯಿ ಎಂದಾಗ ಜನ ಸಾಲುಗಟ್ಟಿ ಕೊಟ್ಟರು.

★ ಆಫರ್ ಸಾರಿದ ಮೇಲೆ 'ಮನಸ್ಸು ಬದಲಾಯಿತು' ಎಂದು ಹಿಂದೆ ಸರಿಯುವಂತಿಲ್ಲ. ತಾನು ಕೊಳ್ಳಹೊರಟ ಕಂಪನಿಯಲ್ಲಿ ಹಣ ಸೋರಿದೆ ಎಂದು ಆಮೇಲೆ ಗೊತ್ತಾಯಿತೆಂದು ನಿರ್ಮಾ ಬಳಗ ಸುಪ್ರೀಂ ಕೋರ್ಟಿನವರೆಗೆ ಹೋಗಿ 2013ರಲ್ಲಿ ಸೋತಿತು. ಷೇರು ಒಪ್ಪಿಸಿದವರಿಗೂ ಅದೇ ಕಟ್ಟು: ಒಮ್ಮೆ ಕೊಟ್ಟರೆ ವಾಪಸ್ ಇಲ್ಲ. ಷೇರು ಒಪ್ಪಿಸಲು ಹತ್ತು ಕೆಲಸದ ದಿನಗಳಿರುತ್ತವೆ. ಕೊನೆಯ ದಿನದವರೆಗೆ ಪೇಟೆಯ ಬೆಲೆ ನೋಡಿ ನಿರ್ಧರಿಸಿದರೆ ನಷ್ಟವಿಲ್ಲ.

★ ಸರ್ಕಾರ ಮಾರಿದರೂ ಓಪನ್ ಆಫರ್ ಬರುತ್ತದೆ, ಕಂಪನಿ ಷೇರುಪೇಟೆಯಲ್ಲಿದ್ದರೆ. 2002ರಲ್ಲಿ ವಿದೇಶ ಸಂಚಾರ ನಿಗಮದ ಶೇ 25ನ್ನು ಷೇರಿಗೆ 202 ರೂಪಾಯಿಯಂತೆ ಕೊಂಡ ಟಾಟಾ ಬಳಗ, ಅದೇ ಬೆಲೆಗೆ ಜನರಿಂದಲೂ ಕೊಂಡಿತು. ಕೊಂಡವರೂ ಸರ್ಕಾರಿ ಕಂಪನಿಯೇ ಆದರೆ ವಿನಾಯಿತಿ. 2018ರಲ್ಲಿ ಎಚ್‌ಪಿಸಿಎಲ್‌ನ ಶೇ 51.11ನ್ನು 36,915 ಕೋಟಿಗೆ ಕೊಂಡ ಒಎನ್‌ಜಿಸಿ ಓಪನ್ ಆಫರ್ ಕೊಡಬೇಕಾಗಲಿಲ್ಲ.

★ ಅದೇ ಎಚ್‌ಪಿಸಿಎಲ್ ವಿಷಯದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮಾತು ಹೇಳಿತ್ತು: ಸಂಸತ್ತಿನ ಕಾಯ್ದೆಯ ಮೂಲಕ ರಾಷ್ಟ್ರೀಕರಣವಾದ ಕಂಪನಿಯನ್ನು ಖಾಸಗಿಯವರಿಗೆ ಕೊಡಬೇಕಾದರೆ ಮತ್ತೆ ಸಂಸತ್ತಿಗೇ ಹೋಗಬೇಕು. ಭದ್ರಾವತಿಗೆ ಈ ಗುರಾಣಿ ಇಲ್ಲ. ಅದನ್ನು ಯಾರಿಂದಲೂ ಕಿತ್ತುಕೊಂಡು ರಾಷ್ಟ್ರೀಕರಣ ಮಾಡಿರಲಿಲ್ಲ; ಹುಟ್ಟುವಾಗಲೇ ಸರ್ಕಾರದ ಕೂಸು.

★ ವಿಐಎಸ್‌ಎಲ್‌ನ ಜೋಡಿ ಕಾರ್ಖಾನೆ ಎಂಪಿಎಂ, ಮೈಸೂರು ಕಾಗದ ಕಾರ್ಖಾನೆ, 1936ರಲ್ಲಿ ನಾಲ್ವಡಿಯವರ ಕಾಲದಲ್ಲಿ ಆರಂಭವಾದದ್ದು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ರಾಜ್ಯ ಸರ್ಕಾರದ ಪಾಲು ದೊಡ್ಡದು, ಜನರ ಕೈಯಲ್ಲೂ ಷೇರುಗಳಿದ್ದವು. 2015ರ ಹೊತ್ತಿಗೆ ಯಂತ್ರಗಳು ನಿಂತವು. ಖಾಸಗಿಯವರಿಗೆ ವಹಿಸಲು ಸರ್ಕಾರ ನಡೆಸಿದ ಪ್ರಯತ್ನ ಕೈಗೂಡಲಿಲ್ಲ. ಪೇಪರ್ ಟೌನಿನ ಮನೆಗಳು ಖಾಲಿಯಾದವು. ಆದರೆ ಕಂಪನಿಯ ಹೆಸರಿನಲ್ಲಿ ಕಾರ್ಖಾನೆಗಿಂತ ದೊಡ್ಡ ಸ್ವತ್ತೊಂದಿತ್ತು: ಕಾಗದದ ತಿರುಳಿಗೆಂದು 1980ರಲ್ಲಿ 40 ವರ್ಷಕ್ಕೆ ಗುತ್ತಿಗೆಗೆ ಪಡೆದ ಮಲೆನಾಡಿನ ಕಾಡು. ಅವಧಿ ಮುಗಿದ 2020ರಲ್ಲಿ, ಕಾರ್ಖಾನೆ ಮುಚ್ಚಿದ್ದರೂ, ಸುಮಾರು 20 ಸಾವಿರ ಹೆಕ್ಟೇರಿನ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಿದರು. ಕಾಗದವೇ ಇಲ್ಲದ ಮೇಲೆ ಅಲ್ಲಿ ಬೆಳೆಸಿದ ಅಕೇಶಿಯಾ ಮರ ಯಾರಿಗೆ ಎಂದು ಶಿವಮೊಗ್ಗದಲ್ಲಿ ಚಳವಳಿ ಎದ್ದಿತು. ಕಾರ್ಖಾನೆಯ ನೆಪದಲ್ಲಿ ಕಾಡು ಖಾಸಗಿ ಕೈಗೆ ಜಾರೀತು ಎಂಬ ಭಯಕ್ಕೆ ಆಧಾರವಿಲ್ಲದಿರಲಿಲ್ಲ. ಕಂಪನಿಯ ಷೇರು ಕೊಂಡವನಿಗೆ ಕಂಪನಿಯ ಗುತ್ತಿಗೆಗಳ ಮೇಲೂ ಹಿಡಿತ ಬರುತ್ತದೆ. ಆದರೂ ಅರಣ್ಯ ಭೂಮಿಯನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲು 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರದ ಪೂರ್ವಾನುಮತಿ ಬೇಕು ಎಂಬುದನ್ನು ಚಳವಳಿಗಾರರು ಚೆನ್ನಾಗಿ ಬಲ್ಲರು.

★ ಬ್ಯಾಂಕುಗಳ ಕಥೆ ಬೇರೆ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕ್, ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. 10 ಷೇರಿಗೆ 22 ಎಸ್‌ಬಿಐ ಷೇರು. 2019ರಲ್ಲಿ ವಿಜಯಾ ಬ್ಯಾಂಕಿನ 1,000 ಷೇರಿಗೆ ಬ್ಯಾಂಕ್ ಆಫ್ ಬರೋಡಾದ 402. 2020ರಲ್ಲಿ ಸಿಂಡಿಕೇಟ್‌ನ 1,000ಕ್ಕೆ ಕೆನರಾದ 158, ಕಾರ್ಪೊರೇಷನ್ ಬ್ಯಾಂಕಿನ 1,000ಕ್ಕೆ ಯೂನಿಯನ್ ಬ್ಯಾಂಕಿನ 330. ಓಪನ್ ಆಫರ್ ಇಲ್ಲ, ಕಂಪನಿ ನ್ಯಾಯಮಂಡಳಿಯ ವಿಚಾರಣೆ ಇಲ್ಲ. ಬ್ಯಾಂಕುಗಳ ಪ್ರತ್ಯೇಕ ಕಾಯ್ದೆಗಳಡಿ ಕೇಂದ್ರ ಸರ್ಕಾರದ ಅಧಿಸೂಚನೆ ಬಂದರೆ ಮುಗಿಯಿತು. ವಿಶ್ವೇಶ್ವರಯ್ಯನವರು ನಿಲ್ಲಿಸಿದ ಬ್ಯಾಂಕು, ನಡೆಸಿದ ಕಾರ್ಖಾನೆ ಎರಡೂ ದೊಡ್ಡ ಹೊಟ್ಟೆಗಳೊಳಗೆ ಸೇರಿದ್ದು ಹೀಗೆ.

★ ಶಿವಮೊಗ್ಗದ ರೈತರೊಬ್ಬರು ಸಹ್ಯಾದ್ರಿ ಗ್ರಾಮೀಣ ಬ್ಯಾಂಕಿನಲ್ಲಿ ತೆರೆದ ಖಾತೆಯನ್ನು ಈವರೆಗೆ ಉಳಿಸಿಕೊಂಡಿದ್ದರೆ ಪಾಸ್‌ಬುಕ್ಕಿನ ಮೇಲಿನ ಹೆಸರು ಹೀಗೆ ಬದಲಾಗಿರುತ್ತದೆ: 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ. 2025ರ ಮೇ 1ರಂದು ವಿಕಾಸ ಗ್ರಾಮೀಣವೂ ಬಂದು ಸೇರಿತು. ರೈತ ಕುಳಿತಲ್ಲೇ ಇದ್ದಾರೆ.

★ ಖಾಸಗಿ ಬ್ಯಾಂಕನ್ನು ಸದ್ದಿಲ್ಲದೆ ಹಿಡಿಯುವುದು ಬಹಳ ಕಷ್ಟ. ಶೇ 5 ಮುಟ್ಟುವ ಮೊದಲೇ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಪಡೆಯಬೇಕು. ಎಷ್ಟೇ ಷೇರಿದ್ದರೂ ಮತದ ಬಲ ಶೇ 26ಕ್ಕೆ ಸೀಮಿತ.

★ ಯಾವ ಕುಬೇರನೂ ಸ್ವಾಧೀನ ಮಾಡಿಕೊಳ್ಳಲಾಗದ ಸಂಸ್ಥೆ ಶಿವಮೊಗ್ಗದಲ್ಲೇ ಇದೆ: ಅಡಿಕೆ ಬೆಳೆಗಾರರ ಮ್ಯಾಮ್‌ಕೋಸ್. ಸಹಕಾರ ಸಂಘದಲ್ಲಿ ಎಷ್ಟೇ ಷೇರು ಇರಲಿ, ಒಬ್ಬರಿಗೆ ಒಂದೇ ಮತ. ಹತ್ತು ಮೂಟೆ ಅಡಿಕೆಯವರೂ ಸಾವಿರ ಮೂಟೆಯವರೂ ಕೈ ಎತ್ತುವಾಗ ಸಮಾನರು. ಷೇರು ಪೇಟೆಯಲ್ಲಿ ಬಿಕರಿಗಿಲ್ಲ. ಇಲ್ಲಿ ಗೆಲ್ಲಬೇಕಾದರೆ ಹಣವಲ್ಲ, ಚುನಾವಣೆ ಬೇಕು. ಆ ಚುನಾವಣೆಯ ಬಿಸಿ ಕಂಡವರು, ಓಪನ್ ಆಫರೇ ವಾಸಿ ಎಂದಾರು!

★ ದೊಡ್ಡ ಖರೀದಿಗಳಿಗೆ ಸ್ಪರ್ಧಾ ಆಯೋಗದ ಒಪ್ಪಿಗೆಯೂ ಬೇಕು. ಮೈಂಡ್‌ಟ್ರೀ ಖರೀದಿಗೂ ಬೇಕಾಗಿತ್ತು. ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಯಾದರೆ, 2024ರ ಸೆಪ್ಟೆಂಬರ್ 10ರಿಂದ, 2,000 ಕೋಟಿ ರೂಪಾಯಿ ದಾಟಿದ ವ್ಯವಹಾರವೂ ಆಯೋಗದ ಮುಂದೆ ಬರಬೇಕು. ಆಯೋಗಕ್ಕೆ 150 ದಿನಗಳ ಗಡುವು.

★ ದಿವಾಳಿ ಕಾಯ್ದೆಯಡಿ ಕಂಪನಿ ಕೊಂಡವರಿಗೆ ಓಪನ್ ಆಫರಿನ ಹೊರೆ ಇಲ್ಲ. ಆದರೆ ನೆಮ್ಮದಿಯೂ ಇಲ್ಲ. ನಮ್ಮ ತೋರಣಗಲ್ಲಿನಲ್ಲಿ ಕಾರ್ಖಾನೆಯಿರುವ ಜೆಎಸ್‌ಡಬ್ಲ್ಯು, ಭೂಷಣ್ ಪವರ್ ಅಂಡ್ ಸ್ಟೀಲ್ ಕಂಪನಿಯನ್ನು ಕೊಂಡು 2021ರಲ್ಲಿ ಹಣವನ್ನೂ ಕಟ್ಟಿತ್ತು. 2025ರ ಮೇ 2ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು; ಜುಲೈನಲ್ಲಿ ಆ ತೀರ್ಪನ್ನೇ ಹಿಂಪಡೆಯಿತು; ಸೆಪ್ಟೆಂಬರ್ 26ರಂದು ಖರೀದಿಯನ್ನು ಎತ್ತಿಹಿಡಿಯಿತು.

★ ಕಂಪನಿಗಳ ವಿಲೀನ ಯೋಜನೆಗೆ ಮತ ಹಾಕಿದವರಲ್ಲಿ ತಲೆ ಎಣಿಕೆಯಲ್ಲಿ ಬಹುಮತವೂ, ಮೌಲ್ಯದಲ್ಲಿ ಮುಕ್ಕಾಲು ಪಾಲೂ ಬೇಕು. ಆದರೆ ಅದರ ವಿರುದ್ಧ ನ್ಯಾಯಮಂಡಳಿಯಲ್ಲಿ ಆಕ್ಷೇಪ ಎತ್ತಲು ಕನಿಷ್ಠ ಶೇ 10ರಷ್ಟು ಷೇರು ಅಥವಾ ಶೇ 5ರಷ್ಟು ಸಾಲ ಬಾಕಿ ಇರಬೇಕು. ಶಿವಮೊಗ್ಗದ ಕಂಪನಿಯಾದರೂ ವಿಚಾರಣೆ ನಡೆಯುವುದು ಬೆಂಗಳೂರಿನ ಪೀಠದಲ್ಲಿ.

★ ಹಳೆಯ ಟ್ರಂಕಿನಲ್ಲಿ ತಂದೆ, ತಾತಂದಿರ ಕಾಲದ ಕಾಗದದ ಷೇರುಪತ್ರ ಸಿಕ್ಕರೆ ರದ್ದಿಗೆ ಹಾಕಬೇಡಿ. ಕಂಪನಿ ಹೆಸರು ಬದಲಿಸಿರಬಹುದು, ಇನ್ನೊಂದರಲ್ಲಿ ವಿಲೀನವಾಗಿರಬಹುದು. ಹಕ್ಕು ಅಷ್ಟಕ್ಕೇ ಸಾಯುವುದಿಲ್ಲ. ಕಾಗದದ ಷೇರನ್ನು ಹೆಸರು ಬದಲಿಸಿ ಮಾರುವುದನ್ನು 2019ರ ಏಪ್ರಿಲ್‌ನಿಂದ ನಿಲ್ಲಿಸಿದ್ದರೂ, ಓಪನ್ ಆಫರ್ ಬಂದಾಗ ಅದನ್ನು ಒಪ್ಪಿಸಲು ಸೆಬಿ ಅವಕಾಶ ಉಳಿಸಿದೆ. ಸತತ ಏಳು ವರ್ಷ ಲಾಭಾಂಶ ಪಡೆಯದಿದ್ದರೆ ಕಂಪನಿ ಆ ಷೇರುಗಳನ್ನು ಕೇಂದ್ರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಕಳಿಸುತ್ತದೆ. ಅಲ್ಲಿಂದಲೂ ವಾಪಸ್ ಪಡೆಯಬಹುದು. ಐಇಪಿಎಫ್-5 ಎಂಬ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ದಾಖಲೆಗಳನ್ನು ಕಂಪನಿಯ ನೋಡಲ್ ಅಧಿಕಾರಿಗೆ ಕಳಿಸಿ. ಅರ್ಜಿಗೆ ಶುಲ್ಕವಿಲ್ಲ, 'ನಾನು ಬಿಡಿಸಿಕೊಡ್ತೀನಿ, ಅರ್ಧ ಕೊಡಿ' ಎಂದು ಫೋನ್ ಮಾಡುವವರಿಗೆ ಪತ್ರದ ನಂಬರನ್ನೂ ಹೇಳಬೇಡಿ.